ಬಲಕ್ಕ ಬಿದ್ದ ನೆಳ್ಳು

ಸ್ವಲ್ಪ ಸನೇಕ ಸರೀರಿ. ಇನ್ನೂ ಸನೇಕ. ನಮ್ಮ ಬಾಜೂಮನಿಯಾಕಿಗೆ ಗ್ವಾಡಿಗೆ ಕಿವಿ ಹಚ್ಚಿ ನಿಂದರೂ ಚಟ ಐತಿ, ಅದಕ್ಕ ದನಿ ಇಳಿಸಿ ಹೇಳಾಕತ್ತೇನಿ. ಈ ಮಾತು ನಿಮ್ಮ ಹೊಟ್ಟ್ಯಾಗ ಇರ್ಲಿ. ತಂಗೀಗೆ ಹೇಳಬ್ಯಾಡ್ರಿ, ನಾದಿನಿಗೆ ಹೇಳಬ್ಯಾಡ್ರಿ. ದಿನಾ ಹೂ ಮಾರಾಕ ಬರ್ತಾಳಲ್ಲ, ಆಕಿಗಂತೂ ಹೇಳಾಕ ಹೋಗಬ್ಯಾಡ್ರಿ. ಆಕಿಗೆ ನಾನ ಹೇಳೇನಿ.

ಇಂಥಾವು ನಮ್ಮ ಓಣ್ಯಾಗ ಆಗ್ತಾನ ಇರ್ತಾವ. ಒಂದು ಮುಗೀತು, ಇನ್ನ ನಾಕು ದಿನ ಬಾಯಿಗೆ ಕೆಲಸಿಲ್ಲ ಅನ್ನೂದ್ರಾಗ ಇನ್ನೊಂದು ಹುಟ್ಟಿ ಕುಂತಿರತೈತಿ. ಆದ್ರ ಬಾಜೂಮನಿಯಾಕಿ ಗಂಡ ಕಂಪ್ಯೂಟರ್ ತಂದ ಮ್ಯಾಲೆ ಆದಷ್ಟು ಮಜಾ ಹಿಂದ ಆಗಿಲ್ಲ, ಮುಂದ ಆಗೂದೂ ಇಲ್ಲ.

ಅಂವಾ ಲಗ್ನದ ವಿಡಿಯೋ ತಗಿಯಾವ. ದುರ್ಗದಬೈಲ್ ಹಿಂದಿನ ಓಣ್ಯಾಗ ನಮ್ಮದೂ ಅವರದೂ ಒಂದ ಗ್ವಾಡಿ. ಕ್ಯಾಸೆಟ್ಟಿನ ಕಾಲದಾಗ ಮದುಮಕ್ಕಳನ್ನ ಒಂದು ತಾವರಿ ಹೂವಿನಾಗ ಕುಂದರಿಸಿ ಗರಗರ ತಿರುಗಿಸಿ ಕೊಡ್ತಿದ್ದ, ಮಂದಿ ಖುಷಿಲೆ ಒಯ್ತಿದ್ರು. ಎರಡ ಸಾವಿರದ ಇಸ್ವಿ ಆಜೂಬಾಜೂ ಪುಣೇಕ್ಕ ಹೋಗಿ ಹದಿನೈದ ದಿನ ಅದೇನೋ ಕಲ್ತು ಬಂದ. ಕ್ಯಾಮರಾದಾಗ ಖರೇ ಮಂದೀನ ಹಿಡಿಯೂದು, ಕಂಪ್ಯೂಟರಿನಾಗ ಸುಳ್ಳು ಆನಿ, ಸುಳ್ಳು ಕುದರಿ, ಸುಳ್ಳು ಅರಮನಿ ಮಾಡೂದು, ಎರಡನ್ನೂ ಒಂದ ಪಿಚ್ಚರಿನಾಗ ಕೂಡಿಸಿಬಿಡೂದು. ಬಾಗಲಕ್ಕ ಬೋರ್ಡೂ ಹಾಕಿದ: ‘ಇಲ್ಲದ್ದನ್ನು ಇದ್ದಂತೆ ತೋರಿಸಿಕೊಡಲಾಗುವುದು’.

ಸಾಲ್ಯಾಗ ಮೂರನೇತ್ತಾ ಮಟಾ ಕಲ್ತಾಕಿ ನಾನು, ಒಂದೊಂದ ಅಕ್ಷರ ಕೂಡಿಸಿ ಓದಿ ಕೇಳಿದೆ, “ಇದಕ್ಕ ಕಂಪ್ಯೂಟರ್ ಯಾಕ ಬೇಕಿತ್ತಪಾ? ಈ ಕೆಲಸಾ ನಿನ್ನ ಹೆಂಡತಿ ಬಾಯಿಲೇ ಮಾಡ್ತಾಳಲ್ಲ?”

ಖರೇನ ಮಾಡ್ತಾಳ. ಆಕಿಗೆ ಒಬ್ಬಾಕೀನ ಮಗಳು. ಬಾಲವಾಡ್ಯಾಗ ಹುಡುಗೂರಿಗೆ ಕಲಸತಾಳ, ಛಲೋ ಹುಡುಗಿ, ಅವ್ವನ ಹಂಗ ಅಲ್ಲ. ತಾನು ಲಗ್ನ ಆದಾಗಿಂದ ಬಾಡಿಗಿ ಮನ್ಯಾಗ ಅದಾಳ, ಮಗಳಾದ್ರೂ ಸ್ವಂತ ಮನಿ ಇದ್ದಲ್ಲೇ ಹೋಗಬೇಕಂತ ಬಾಜೂಮನಿಯಾಕಿ ಹಟಾ. ವರ ಕುಂಟಿದ್ರೂ ನಡದೀತು, ಬಾಡಿಗಿ ಮನಿ ಇದ್ರ ನಡಿಯಂಗಿಲ್ಲ. ಅದಕ್ಕ ಊರ ತುಂಬ ಮಗಳನ್ನೂ ಹೊಗಳಾಕಿ, ಗಂಡನ ಕಸಬೂ ಹೊಗಳಾಕಿ. ಮಗಳನ್ನ ನೋಡಿದವರೆಲ್ಲ ಒಪ್ಪತಿದ್ರು. ಕಸಬು ನೋಡಿದವರು ಎದ್ದು ಹೋಗತಿದ್ರು. ಯಾಕಂತ ಕೇಳ್ರಿ.

೧. ನೆಳ್ಳಿಲ್ಲದ ಆನಿ

ಮೊದಲನೇ ಗಿರಾಕಿ ಹತ್ತಿ ವ್ಯಾಪಾರಸ್ಥರು. ಮಗಳ ಲಗ್ನದಾಗ ಮದುಮಗಗ ಆನಿ ಕಡಿಂದ ಮಾಲಿ ಹಾಕಸಬೇಕಂತ ಅವರಿಗೆ ಆಸೆ. ಆನಿ ಸಿಗಲಿಲ್ಲ.

“ಆನಿ ನಾ ಕೊಡ್ತೇನ್ರಿ ಸಾಹುಕಾರ್ರ,” ಅಂದ ವಿಡಿಯೋದಾವ. “ಕಬ್ಬು ಕೇಳಂಗಿಲ್ಲ, ಲದ್ದಿ ಹಾಕಂಗಿಲ್ಲ.”

ಲಗ್ನದ ದಿವಸ ನಾನೂ ಅಲ್ಲೇ ಇದ್ದೆ. ಮಂಟಪದ ಬಾಗಲದಾಗ ಏನೂ ಇಲ್ಲ. ವಿಡಿಯೋದಾವ ಕ್ಯಾಮರಾ ಹಿಡಕೊಂಡು ಒದರಾಕತ್ತಾನ, “ಎಲ್ಲಾರೂ ಮ್ಯಾಲೆ ನೋಡ್ರಿ, ಅಲ್ಲೆ ಆನಿ ಮಾರಿ ಬರತೈತಿ! ಕೈ ಮುಗೀರಿ! ಮದುಮಗನ ಅವ್ವಾರ, ನೀವು ಹಿಂದಕ್ಕ ಸರೀರಿ, ಸೊಂಡಿ ಬಡಿತೈತಿ!” ಸಾಹುಕಾರ್ರು, ಬೀಗರು, ಅವರ ಅಕ್ಕತಂಗೇರು ಎಲ್ಲಾರೂ ಬಯಲಿಗೆ ಕೈ ಮುಗದು ನಿಂತ್ರು. ಮದುಮಗ ಏನೂ ಇಲ್ಲದ್ದಕ್ಕ ಕುತಗಿ ಬಗ್ಗಿಸಿದ. ತಡಾ ಆಗಿ ಬಂದವರು ಬಾಗಲದಾಗ ಇದನ್ನ ನೋಡಿ, ಈ ಮನೆತನಕ್ಕ ಹುಚ್ಚು ಐತಿ ಅಂತ ಮೊದಲ ಯಾಕ ಹೇಳಲಿಲ್ಲ ಅಂತ ನನ್ನ ಕೇಳಿದ್ರು.

ಮುಂದ ಸಿಡಿ ಬಂತು. ಆನಿ ಛಲೋ ಬಂದಿತ್ತು, ಸುಳ್ಳ್ಯಾಕ ಹೇಳ್ಲಿ. ಕಿವಿ ಬೀಸತಿತ್ತು, ಮಾಲಿ ಹಾಕತಿತ್ತು. ಆದ್ರ ಸಾಹುಕಾರ್ರ ಅವ್ವ ಟಿ.ವಿ. ಸನೇಕ ಹೋಗಿ ನೋಡಿ, “ಎಲ್ಲಾರ ಕಾಲಬುಡಕ್ಕ ನೆಳ್ಳು ಐತಿ, ಈ ಆನಿ ಕಾಲಬುಡಕ್ಕ ಇಲ್ಲ. ನೆಳ್ಳಿಲ್ಲದ್ದು ಏನಿರತೈತಿ ನಿಮಗ ಗೊತ್ತಿಲ್ಲೇನು?” ಅಂತ ಚೀರಿದ್ಲು. ಉಪ್ಪು ಮೆಣಸಿನಕಾಯಿ ಇಳಿ ತಗದ್ರು. ಮದುಮಗಳಿಗಲ್ಲ, ಟಿ.ವಿ.ಗೆ.

ನಾಕು ದಿನ ಬಿಟ್ಟು ವಿಡಿಯೋದಾವ ಹೋಗಿ, “ಸಿಡಿ ಹ್ಯಾಂಗ ಬಂದೈತ್ರಿ ಸಾಹುಕಾರ್ರ?” ಅಂತ ಕೇಳಿದ.

“ಸಿಡಿ ಛಲೋ ಬಂದೈತಿ,” ಅಂದ್ರು ಅವರು. “ಟಿ.ವಿ. ಇನ್ನೂ ಬಂದಿಲ್ಲ. ದೆವ್ವಾ ಬಿಡಸಾಕ ಕಳಿಸೇವಿ.”

೨. ಅಕ್ಕಿ ಚೀಲದ ಕುದರಿ

ಆ ಮ್ಯಾಲೆ ಅಂವಾ ಕಂಪ್ಯೂಟರಿನಾಗ ನೆಳ್ಳು ಹಾಕೂದು ಕಲ್ತ. ಹಗಲೆಲ್ಲ ಕುಂತು ಕುದರಿಗೆ ನೆಳ್ಳು, ನವಿಲಿಗೆ ನೆಳ್ಳು. ಮೊದಲನೇ ನೆಳ್ಳು ಎಡಕ್ಕ ಹಾಕಿದ್ದ. ಗಿರಾಕಿ ಮನೀ ಸ್ವಾದರತ್ತಿ ಒಬ್ಬಾಕಿ ಮಾರಿ ಗಂಟು ಹಾಕಿದ್ಲು: “ಹೊಸಾ ಸೊಸಿ ಬಲಗಾಲಿಟ್ಟು ಒಳಗ ಬರ್ತಾಳ, ಪ್ರಸಾದ ಬಲಗೈಲೇ ತಗೋತೇವಿ. ಶುಭಕಾರ್ಯದಾಗ ನೆಳ್ಳು ಎಡಕ್ಕ ಯಾಕ ಹಾಕ್ಯಾನ ಈ ಅಪಶಕುನದಾವ?”

ಅವತ್ತ ಕಡೀ. ಮುಂದ ಅಂವಾ ಏನ ಮಾಡ್ಲಿ, ನೆಳ್ಳು ಬಲಕ್ಕ. ಮುಂಜಾನೆ ಲಗ್ನಿದ್ರೂ ಬಲಕ್ಕ, ಸಂಜೀಮುಂದ ಮೆರವಣಿಗಿ ಇದ್ರೂ ಬಲಕ್ಕ.

ನಾನು ಎಷ್ಟೋ ವರ್ಷದಿಂದ ಮಾಳಗಿ ಮ್ಯಾಲೆ ಹಪ್ಪಳಾ ಸಂಡಿಗಿ ಒಣಸಿದಾಕಿ. ನೆಳ್ಳು ಬಂದಂಗ ಚಾಪಿ ಸರಸಬೇಕು, ಇಲ್ಲಂದ್ರ ಸಂಡಿಗಿ ಬೂಸು ಹಿಡಿತೈತಿ. ಅದಕ್ಕ ಅವಂಗ ಹೇಳಿದೆ, “ತಮ್ಮಾ, ಸೂರ್ಯ ಎಲ್ಲೆದಾನ ನೋಡಿ, ಅದರ ಎದರಿಗೆ ನೆಳ್ಳು ಹಾಕಪಾ. ಅಲ್ಲೇ ನಿಂತ ಮಂದಿ ನೆಳ್ಳು ಯಾಕಡೆ ಬಿದ್ದೈತಿ ಅದನ್ನರೆ ನೋಡು.”

“ಆಯೀ, ನಿಮಗ ಕಂಪ್ಯೂಟರ್ ತಿಳಿಯಂಗಿಲ್ರಿ.”

“ನಿನ್ನ ಕಂಪ್ಯೂಟರಿಗೆ ಬಿಸಲು ತಿಳಿಯಂಗಿಲ್ಲಲ್ಲ, ಅದಕ್ಕೇನ ಮಾಡ್ತಿ?” ಅಂದೆ.

ಹಿಂಗಿರಬೇಕಾದ್ರ ಒಬ್ಬ ಮದುಮಗಗ ಕುದರಿ ಮ್ಯಾಲೆ ಬರೂ ಹೌಸು. ಖರೇ ಕುದರಿ ಅಂದ್ರ ಅಂಜಿಕಿ. ವಿಡಿಯೋದಾವ ಅವನ್ನ ಅಂಗಳದಾಗ ಎರಡ ಅಕ್ಕಿ ಚೀಲದ ಮ್ಯಾಲೆ ಕುಂದರಿಸಿ, ಗೆಳ್ಯಾರಿಗೆ ಚೀಲ ಅಲಗಾಡಸ್ರಿ ಅಂದ. ಅವರು ಹಿಂದ ಮುಂದ ಅಲಗಾಡಸೂದು ಬಿಟ್ಟು ಆಕಡೆ ಈಕಡೆ ಅಲಗಾಡಿಸಿದ್ರು. ಆಮ್ಯಾಲೆ ಚೀಲದ ಜಾಗಾದಾಗ ಕಂಪ್ಯೂಟರ್ ಕುದರಿ ಕೂಡಿಸಿದ.

ಸಿಡಿಯಾಗ ಕುದರಿ ಮುಂದಕ್ಕ ಹೊಂಟೈತಿ, ಮ್ಯಾಲಿನಾತ ಜರಡಿಯಾಗಿನ ರವಾ ಅಲುಗಿದಂಗ ಅಲಗಾಕತ್ತಾನ. ಕುದರಿ ನೆಳ್ಳು ಬಲಕ್ಕ, ಮದುಮಗನ ನೆಳ್ಳು ಎಡಕ್ಕ. ಇಬ್ಬರೂ ಜಗಳಾಡಿ ಬ್ಯಾರೆ ಬ್ಯಾರೆ ಊರಿಗೆ ಹೊಂಟಂಗ. ಹೊಸಾ ಸೊಸಿ ಆ ಮನಿಗೆ ಬಂದಾಗಿಂದ ನಕ್ಕಿದ್ದಿಲ್ಲ, ಅವತ್ತ ಸೆರಗು ಬಾಯಾಗ ತುರಕಿದ್ರೂ ನಗು ತಡೀಲಿಲ್ಲ.

“ಯಾಕವಾ, ಏನಾತು?” ಅಂದ್ಲು ಅತ್ತಿ.

“ಏನಿಲ್ರಿ ಅತ್ತಿ. ಇಬ್ಬರೊಳಗ ಕುದರಿ ಶ್ಯಾಣ್ಯಾ ಕಾಣತೈತ್ರಿ.”

೩. ಸೀರಿ ಅಂಗಡಿ ಬೊಂಬಿ

ಇದನ್ನ ಹೇಳಬಾರದಂತ ಭಾಳ ತಡಕೊಂಡೇನಿ. ಆಗವಲ್ಲದು.

ಒಬ್ಬ ಸೀರಿ ಅಂಗಡಿಯವ ಕೇಬಲ್ ಟಿ.ವಿ.ಗೆ ಜಾಹೀರಾತು ಮಾಡಿಸಿದ. ತಾನು ಅಂಗಡಿ ಮುಂದ ಕೈ ಮುಗದು ನಿಂತಾನ, ಬಾಜೂಕ ಕಂಪ್ಯೂಟರಿನಾಗ ಮಾಡಿದ ಹೆಣ್ಣು ಬೊಂಬಿ, ಹಸರ ಸೀರಿ ಉಟ್ಟು ನಗಾಕತ್ತಾಳ. ನೆಳ್ಳಂತೂ ಬಲಕ್ಕ ಬೀಳಬೇಕಲ್ಲ? ಬೊಂಬಿ ಎಡಕ್ಕ ನಿಂತಿದ್ಲು, ಅಂಗಡಿಯವ ಬಲಕ್ಕ. ಅಂಗಡಿಯವನ ಖರೇ ನೆಳ್ಳು ಎಡಕ್ಕ ಬಿದ್ದಿತ್ತು, ಬೊಂಬಿ ನೆಳ್ಳು ಹೋಗಿ ಸೀದಾ ಅದರ ಮ್ಯಾಲೆ ಬಿತ್ತು. ಮ್ಯಾಲೆ ನೋಡಿದ್ರ ಇಬ್ಬರೂ ಮರ್ಯಾದಿಲೆ ಒಂದು ಮಾರು ದೂರ ನಿಂತಾರ. ಕೆಳಗ ನೋಡಿದ್ರ ತಬ್ಬಿಕೊಂಡಾರ.

ಅಂಗಡಿಯವನ ಹೆಂಡತಿಗೆ ಇದು ಗೊತ್ತಿರಲಿಲ್ಲ, ಪಾಪ. ನಾನೇನು ಚಾಡಿ ಹೇಳಾಕ ಹೋಗಿದ್ದಿಲ್ಲ, ಜಂಪರ್ ಪೀಸ್ ತರಾಕ ಹೋಗಿದ್ದೆ. ಮಾತಿಗೆ ಮಾತು ಬಂತು, “ಟಿ.ವಿ.ಯಾಗ ನಿಮ್ಮನಿಯವರ ಕಾಲಬುಡಾ ನೋಡೀರೇನ್ರಿ?” ಅಂದೆ. ಅಷ್ಟ.

ಮರುದಿನಾ ಆಕಿ ವಿಡಿಯೋದಾವನ ಮನಿ ಬಾಗಲದಾಗ. ನಾನು ಬ್ಯಾಳಿ ಹಸನ ಮಾಡೂ ಮರಾ ತಗೊಂಡು ಲಗೂನ ಹೊರಗ ಬಂದೆ.

“ಯಾರಾಕಿ?”

“ಯಾರೂ ಅಲ್ರಿ ಬಾಯಾರ, ಕಂಪ್ಯೂಟರ್ ಬೊಂಬಿ. ಸುಳ್ಳು ಹೆಣ್ಣು.”

“ಹೆಣ್ಣು ಸುಳ್ಳಂತ ಒಪ್ಪೇನಿ. ನಮ್ಮನಿಯವರ ನೆಳ್ಳು ಖರೇ ಐತಲ್ಲ? ಅದು ಯಾಕ ಸುಮ್ಮನ ನಿಂತೈತಿ? ಸರೀಬೇಕಿಲ್ಲೇನು?”

ಇದಕ್ಕ ಪುಣೇದಾಗ ಉತ್ತರಾ ಹೇಳಿಕೊಟ್ಟಿದ್ದಿಲ್ಲ. ಕಡೀಗೆ ಬೊಂಬೀನ ಎಡದಿಂದ ತಗದು ಬಲಕ್ಕ ನಿಂದರಿಸಿದ. ಈಗ ಬೊಂಬಿ ನೆಳ್ಳು ಆಕಡೆ, ಅಂಗಡಿಯವನ ನೆಳ್ಳು ಈಕಡೆ. ಒಬ್ಬರಿಗೊಬ್ಬರು ಬೆನ್ನು ಕೊಟ್ಟು ನಿಂತಾರ. ಹೆಂಡತಿಗೆ ಸಮಾಧಾನ ಆತು. ಆದ್ರ ಊರ ಮಂದಿಗೆ ಅವತ್ತಿನಿಂದ ಸಂಶೇ ಹೆಚ್ಚಾತು. ಮೊದಲು ಆಕಿ ಯಾರೋ ಇರಬೇಕು ಅಂತಿದ್ರು. ಬೆನ್ನು ಕೊಟ್ಟು ನಿಂತಿದ್ದು ನೋಡಿ, ಈಕಿ ಲಗ್ನ ಆದ ಹೆಂಡತೀನ ಇರಬೇಕು ಅನ್ನಾಕತ್ತಿದ್ರು.

ಈ ಗದ್ದಲಾ ಆದ ದಿವಸನ ಬಾಜೂಮನಿಯಾಕಿ ಮಗಳನ್ನ ನೋಡಾಕ ನವಲಗುಂದ ಕಡಿಯವರು ಬಂದಿದ್ರು. ಸ್ವಂತ ಮನಿ, ಎರಡ ಎತ್ತು. ಬಾಗಲದಾಗಿನ ಮಾತು ಕೇಳಿ, ಅವಲಕ್ಕಿ ತಿಂದು, ಎದ್ದು ಹೋದ್ರು.

೪. ಮುದುಕನ ತಬಿಯತ್ತು

ಒಂದು ಮನ್ಯಾಗ ಹಿರ್ಯಾ ತೀರಿಕೊಂಡು ವರ್ಷಾಗಿತ್ತು. ಮಮ್ಮಗನ ಲಗ್ನದ ವಿಡಿಯೋದಾಗ ಮುತ್ಯಾ ಬಂದು ಅಕ್ಕಿಕಾಳು ಹಾಕಿದಂಗ ಮಾಡ್ರಿ ಅಂತ ಕೇಳಿದ್ರು. ಇದ್ದದ್ದು ಒಂದ ಫೋಟೋ, ಅದೂ ಎದಿಮಟಾ. ಕಾಲು ಎಲ್ಲಿಂದ ತರಬೇಕು? ವಿಡಿಯೋದಾವನ ಕಂಪ್ಯೂಟರಿನಾಗ ಪರದೇಶದ್ದೊಂದು ಸಿಪಾಯಿ ಬೊಂಬಿ ಇತ್ತು. ಅದರ ರುಂಡಾ ತಗದು ಮುದುಕನ ರುಂಡಾ ಕೂಡಿಸಿದ.

ಜೀವಮಾನ ಎಲ್ಲ ಧೋತರಾ ಉಟ್ಟ ಮುದುಕ ಬೂಟು ಹಾಕ್ಕೊಂಡು ಎದಿ ಉಬ್ಬಿಸಿ ದಪ್ಪಂದಪ್ಪಂತ ಹೆಜ್ಜಿ ಹಾಕ್ಕೋತ ಮಂಟಪಕ್ಕ ಬಂದ. ಕೈ ಎತ್ತಿ ಅಕ್ಕಿಕಾಳು ಒಗದ. ನೋಡಿದ್ರ ಬಾಂಬು ಒಗದಂಗ ಇತ್ತು.

ಮುದುಕನ ಹೆಂಡತಿ ಚಸ್ಮಾ ಒರಸಿಕೊಂಡು ಎರಡ ಸಲಾ ನೋಡಿದ್ಲು. “ನಾಕು ವರ್ಷ ಲಕ್ವಾ ಹೊಡದು ಮಲಗಿದ್ರು. ಬಾಯಿಗೆ ನೀರು ಹಾಕಿದಾಕಿ ನಾನು. ಸತ್ತ ಮ್ಯಾಲೆ ತಬಿಯತ್ತು ಭಾಳ ಸುಧಾರಿಸೇತಲ್ಲ!”

ಅಷ್ಟೊತ್ತಿಗೆ ಅವರ ಮನೀ ಅಯ್ಯನವರು ಇನ್ನೊಂದು ತಕರಾರು ತಗದ್ರು. “ಶಿವಪಾದ ಸೇರಿದವರಿಗೆ ನೆಳ್ಳು ಯಾಕ ಹಾಕೀರಿ? ನೆಳ್ಳು ಐತಿ ಅಂದ್ರ ಇನ್ನೂ ಇಲ್ಲೇ ಅದಾರ ಅಂತ ಅರ್ಥ. ಮೊದಲ ನೆಳ್ಳು ತಗೀರಿ.”

ವಿಡಿಯೋದಾವ ನಮ್ಮ ಕಟ್ಟಿ ಮ್ಯಾಲೆ ತಲಿ ಹಿಡಕೊಂಡು ಕುಂತ. “ಎಂಥಾ ಊರ್ರಿ ಆಯೀ ಇದು! ಹುಟ್ಟಲಾರದ ಆನಿಗೆ ನೆಳ್ಳು ಬೇಕಂತಾರ, ಸತ್ತ ಮುದುಕಗ ನೆಳ್ಳು ಬ್ಯಾಡಂತಾರ. ನಾ ಯಾರಿಗೆ ಹಾಕ್ಲಿ?”

“ಕುಂತಲ್ಲೇ ಇರಪಾ,” ಅಂದೆ. “ಇನ್ನೊಂದ ತಾಸು ಬಿಟ್ರ ಈ ಕಟ್ಟಿ ಮ್ಯಾಲಿನ ಹಪ್ಪಳಕ್ಕ ನಿನ್ನ ನೆಳ್ಳು ಬೀಳತೈತಿ, ಅವಾಗ ನಾನ ಎಬ್ಬಸ್ತೇನಿ.”

೫. ಕೆಲಗೇರಿ ಮನಿ

ಈಗ ಅಸಲಿ ಮಾತಿಗೆ ಬರ್ತೇನಿ. ಬಾಗಲಾ ಹಾಕಿಕೋರಿ.

ಒಂದಿನಾ ಬಾಜೂಮನಿಯಾಕಿ ಬಂಗಾರದ ಮಳಿ ಬಿದ್ದಂಗ ಮಾರಿ ಮಾಡಿಕೊಂಡು ಬಂದ್ಲು. “ಆಯೀ, ಸಂಜೀಮುಂದ ನಮ್ಮನಿಗೆ ಬರ್ರಿ. ವರನ ಕಡಿಯವರು ಸಿಡಿ ಕಳಿಸ್ಯಾರ. ಕೆಲಗೇರಿ ಕೆರಿ ದಂಡಿಗೆ ಎರಡಂತಸ್ತಿನ ಸ್ವಂತ ಮನಿ!” ಆಗಿನ ಕಾಲಕ್ಕ ಹೊಸಾ ಪದ್ಧತಿ ಬಂದಿತ್ತು. ಹುಡುಗನ ಕಡಿಯವರೂ ಹುಡುಗಿ ಕಡಿಯವರೂ ಮೊದಲ ಒಂದೊಂದು ಸಿಡಿ ಕಳಸೂದು, ಮನಸಿಗೆ ಬಂದ್ರ ಆಮ್ಯಾಲೆ ಬಂದು ನೋಡೂದು.

ಹೋದೆ. ಪಡಸಾಲ್ಯಾಗ ಆಕಿ ತವರಿನ ಮಂದಿ, ಗಂಡನ ಕಾಕಾ, ಓಣಿ ಹೆಣ್ಮಕ್ಕಳು, ಎಲ್ಲಾರನ್ನೂ ಕೂಡಿಸಿದ್ಲು. ಕೈಯಾಗ ಚುರಮುರಿ ಚೂಡಾ ಕೊಟ್ಲು. ಸಿಡಿ ಹಚ್ಚಿದ್ರು.

ಮೊದಲ ಹುಡುಗ ಬಂದ. ತಾರಿಹಾಳದಾಗ ಒಂದು ವರ್ಕಶಾಪಿನಾಗ ಲೇತ್ ಮಷೀನ್ ಮುಂದ ಕೆಲಸಾ ಮಾಡಾಕತ್ತಾನ. ಆಮ್ಯಾಲೆ ಮನಿ. ಅಬ್ಬಬ್ಬ! ಎರಡಂತಸ್ತು, ದುಂಡನ ಬಾಲ್ಕನಿ, ಗುಲಾಬಿ ಬಣ್ಣ, ಮುಂದ ಒಂದು ಬೇವಿನ ಗಿಡ. ಬಾಜೂಮನಿಯಾಕಿ ಕಣ್ಣಾಗ ನೀರು. “ಮ್ಯಾಲಿನ ಖೋಲಿ ನನ್ನ ಮಗಳದು. ಕೆಳಗಿಂದು, ನಾನು ಹೋದಾಗ ಇರಾಕ.”

ಎಲ್ಲಾರೂ ಮನಿ ನೋಡಾಕತ್ತಿದ್ರು. ನಾನು ಬಿಸಲು ನೋಡಿದೆ. ನಲವತ್ತ ಚಾಪಿ ಸಂಡಿಗಿ ಕಾದ ಕಣ್ಣು ಎಲ್ಲೆ ಹೋದೀತು?

“ಪಿಚ್ಚರ್ ನಿಲ್ಲಸ್ರಿ,” ಅಂದೆ. ಎದ್ದು ಹೋಗಿ ಟಿ.ವಿ. ಮ್ಯಾಲೆ ಬಳ್ಳಿಟ್ಟೆ. “ಈ ಬೇವಿನ ಗಿಡದ ನೆಳ್ಳು ಎಡಕ್ಕ ಬಿದ್ದೈತಿ. ಮನಿ ನೆಳ್ಳು ಬಲಕ್ಕ ಬಿದ್ದೈತಿ. ಕೆಲಗೇರ್ಯಾಗ ಎರಡ ಸೂರ್ಯ ಹುಟ್ಟತಾವೇನು?”

“ನಿಮಗ ಕಣ್ಣು ಮಂಜಾಗ್ಯಾವ. ಕುಂದರ್ರಿ, ಚೂಡಾ ತಿನ್ರಿ.”

“ನನ್ನ ಕಣ್ಣು ಬಿಡವಾ. ನಿನ್ನ ಗಂಡನ ಮಾರಿ ನೋಡು.”

ಎಲ್ಲಾರೂ ನೋಡಿದ್ರು. ಅವನ ಮಾರಿ ಸುಣ್ಣಾ ಬಳದ ಗ್ವಾಡಿ ಆಗಿತ್ತು. ಸಣ್ಣ ದನಿಲೆ ಅಂದ, “ಆ ಮನಿ... ನಂದ.”

ಬಾಜೂಮನಿಯಾಕಿ ಎದ್ದು ನಿಂತ್ಲು. “ನಿಮ್ಮದಾ? ನನ್ನ ಇಪ್ಪತ್ತೈದು ವರ್ಷ ಬಾಡಿಗಿ ಮನ್ಯಾಗ ಇಟ್ಟು, ಕೆಲಗೇರ್ಯಾಗ ಎರಡಂತಸ್ತು ಕಟ್ಟಿಸೀರಿ? ಯಾರಿಗೆ ಕಟ್ಟಿಸೀರಿ? ಬಾಲ್ಕನ್ಯಾಗ ಯಾರನ್ನ ನಿಂದರಸೀರಿ?”

“ಅಯ್ಯ, ಕಟ್ಟಿಸಿಲ್ಲ ಮಾರಾಯ್ತಿ! ಮಾಡೇನಿ! ಕಂಪ್ಯೂಟರಿನಾಗ! ಹೋದ ಶ್ರಾವಣದಾಗ ಯಾರೋ ಒಬ್ಬ ಬಯಲು ಜಾಗಾದ್ದು ವಿಡಿಯೋ ತಂದಿದ್ದ. ಇಲ್ಲೆ ಮನಿ ಕಟ್ಟಿದ್ರ ಹ್ಯಾಂಗ ಕಾಣತೈತಿ ತೋರಸ್ರಿ, ಮನ್ಯಾಗ ಹೆಣ್ಮಕ್ಕಳಿಗೆ ತೋರಸಬೇಕು ಅಂದ. ನಾನು ಕೂಡಿಸಿ ಕೊಟ್ಟೆ. ಅಂವಾ ಇದ ಹುಡುಗನ ಅಪ್ಪ ಅಂತ ನನಗೇನ ಗೊತ್ತು?”

“ಖರೇ ಹೇಳ್ರಿ, ಅಲ್ಲೆ ಯಾರೂ ಇಲ್ಲ?”

“ಮನೀನ ಇಲ್ಲ ಅಂದ್ಮ್ಯಾಲೆ ಯಾರಿರತಾರ?” ಅಂತ ಗಂಡನ ಕಾಕಾ ನಡುವ ಬಾಯಿ ಹಾಕಿದ. ಆಕಿ ಅದನ್ನೂ ಲಗೂನ ನಂಬಲಿಲ್ಲ. ಮನಿ ಸುಳ್ಳಂತ ಅಳಬೇಕೋ, ಇನ್ನೊಬ್ಬಾಕಿ ಇಲ್ಲಂತ ನಗಬೇಕೋ ತಿಳೀದ ಚೂಡಾದ ಡಬ್ಬಿ ಮುಚ್ಚಿ ಒಳಗ ಒಯ್ದು ಇಟ್ಲು. ನನ್ನ ಕೈಯಾಗಿಂದೂ ಕಸಗೊಂಡ್ಲು.

ಮೂಲ್ಯಾಗ ಕುಂತಿದ್ದ ಹುಡುಗಿ ಅವಾಗ ಮೊದಲನೇ ಸಲಾ ಬಾಯಿ ಬಿಟ್ಲು. “ಅಪ್ಪಾ, ಮನಿ ನಿಮ್ಮ ಕೈಕೆಲಸ. ಹುಡುಗ?”

“ಅವನ್ನ ನಾ ಮಾಡಿಲ್ಲವಾ.”

“ಹಂಗಾರ ಹೋಗಿ ನೋಡೂಣು.”

ಮುಂದಿನ ಐತ್ವಾರ ಹನ್ನೊಂದರ ಬಿಸಲಾಗ ಒಂದು ಟೆಂಪೋ ಮಾಡಿಕೊಂಡು ಕೆಲಗೇರಿಗೆ ಹೋದ್ವಿ. ನನ್ನ ಯಾರೂ ಕರದಿದ್ದಿಲ್ಲ, ಟೆಂಪೋದಾಗ ಜಾಗಾ ಇತ್ತು. ಹೋಗಿ ನೋಡಿದ್ರ ಬೇವಿನ ಗಿಡ ಐತಿ, ಮನಿ ನಿಂತ ಜಾಗಾದಾಗ ಒಂದು ಎಮ್ಮಿ ಕಟ್ಯಾರ. ಬಾಲ್ಕನಿ ಇರಬೇಕಾದಲ್ಲೆ ಕಾಗಿ ಹಾರಾಕತ್ತಿತ್ತು. ಹುಡುಗನ ಅವ್ವ, ಅಪ್ಪ ಗಿಡದ ಬುಡಕ್ಕ ನಿಂತಿದ್ರು. ಹುಡುಗ ರಾತ್ರಿ ಪಾಳಿ ಮುಗಿಸಿ ತಾರಿಹಾಳದಿಂದ ಸೀದಾ ಬಂದಿದ್ದ, ಕೈಯಾಗಿನ ಎಣ್ಣಿ ಇನ್ನೂ ಹೋಗಿದ್ದಿಲ್ಲ.

ಹುಡುಗಿ ಅವನ ಮಾರಿ ನೋಡಲಿಲ್ಲ. ಮೊದಲ ಕಾಲಬುಡಾ ನೋಡಿದ್ಲು. ಗಿಡದ ನೆಳ್ಳು ಬಿದ್ದ ಕಡೇನ ಅವನ ನೆಳ್ಳೂ ಬಿದ್ದಿತ್ತು. ಆಮ್ಯಾಲೆ ತಲಿ ಎತ್ತಿ, “ಮನಿ ಎಲ್ಲೈತ್ರಿ?” ಅಂದ್ಲು.

“ಮನಿ ಇಲ್ರಿ,” ಅಂದ ಅಂವಾ. “ಜಾಗಾ ನಮ್ಮದು. ಇರೂದು ಬಾಡಿಗಿ ಮನ್ಯಾಗ, ಎರಡ ಖೋಲಿ. ಸಿಡಿಯಾಗ ಅಪ್ಪ ಮನಿ ಹಾಕ್ಸ್ಯಾರಂತ ನನಗ ನಿನ್ನೆ ಗೊತ್ತಾತು. ನಾಚಿಕಿ ಬರಾಕತ್ತೈತಿ. ನಿಮಗ ಬ್ಯಾಡಾದ್ರ ಬ್ಯಾಡ ಅನ್ರಿ, ಸಿಟ್ಟಿಲ್ಲ.”

ಹುಡುಗಿ ಮಾರಿ ಮ್ಯಾಲೆ ಒಂದು ನಗು ಬಂತು ನೋಡ್ರಿ, ನಾನು ನೋಡೇನಿ, ಬಾಜೂಮನಿಯಾಕಿ ನೋಡಲಿಲ್ಲ. ಆಕಿ ಹುಡುಗನ ಅವ್ವನ ಮುಂದ ಸೊಂಟದ ಮ್ಯಾಲೆ ಕೈ ಇಟ್ಟುಕೊಂಡು ನಿಂತಿದ್ಲು. “ಬಯಲಿನಾಗ ಸುಳ್ಳು ಮನಿ ನಿಂದರಿಸಿ ಹೆಣ್ಣು ಕೇಳತೀರಿ? ಮರ್ಯಾದಿ ಐತೇನು ನಿಮಗ?”

ಹುಡುಗನ ಅವ್ವ ತಣ್ಣಗ ಕೇಳಿದ್ಲು, “ನೀವು ಕಳಿಸಿದ ಸಿಡಿಯಾಗ ನಿಮ್ಮ ಬಾಗಲದಾಗ ಬಿಳೇ ಕಾರು ನಿಂತಿತ್ತಲ್ರಿ, ಟೆಂಪೋದಾಗ ಯಾಕ ಬಂದ್ರಿ?”

ನಾನು ಎಮ್ಮಿ ಬಾಲಾ ಹಿಡಕೊಂಡು ನಕ್ಕೆ. ಇಲ್ಲಂದ್ರ ಬೀಳ್ತಿದ್ದೆ. ಓಣ್ಯಾಗ ಸೈಕಲ್ ನಿಂದರಾಕ ಜಾಗಾ ಇಲ್ಲ, ಇವರ ಬಾಗಲದಾಗ ಕಾರು!

ಆಮ್ಯಾಲೆ ಎರಡೂ ಕಡಿಯವರಿಗೆ ಬೈಯ್ಯಾಕ ಏನೂ ಉಳೀಲಿಲ್ಲ. ಹುಡುಗಿ “ನನಗ ಒಪ್ಪಿಗಿ ಐತಿ, ಬಾಡಿಗಿ ಮನಿ ನನಗೇನ ಹೊಸಾದಲ್ಲ” ಅಂದ್ಲು. ಅವ್ವ ಒಂದು ಘಳಿಗಿ ಆ ಬಯಲು ನೋಡಿದ್ಲು, ಒಂದು ಘಳಿಗಿ ಮಗಳ ಮಾರಿ ನೋಡಿದ್ಲು, ಸೆರಗಿಲೇ ಕಣ್ಣು ಒರಸಿಕೊಂಡು ಹೂಂ ಅಂದ್ಲು. ಅಲ್ಲೇ ಗಿಡದ ಬುಡಕ್ಕ ಸಕ್ಕರಿ ಹಂಚಿದ್ರು.

ಇಷ್ಟೆಲ್ಲ ಆಗಿದ್ದು ಯಾರಿಂದ? ನನ್ನಿಂದ. ಸುಳ್ಳು ಮನೀ ನಂಬಿ ಲಗ್ನಾ ಮಾಡಿದ್ರ ಹುಡುಗಿ ಎಮ್ಮಿ ಜೋಡಿ ಮಲಗಬೇಕಾಗತಿತ್ತು. ನಾಕು ದಿನ ಕಾದೆ, ಬಾಜೂಮನಿಯಾಕಿ ಒಂದು ಒಳ್ಳೇ ಮಾತು ಆಡಲಿಲ್ಲ. ಐದನೇ ದಿನಾ ನಾನ ಆಕಿ ಬಾಗಲಕ್ಕ ಹೋಗಿ ಕೇಳಿದೆ, “ಏನವಾ, ಮಂದಿ ಸಿಡಿಯಾಗಿಂದು ನಾನು ಕಂಡು ಹಿಡದೆ. ನಿಮ್ಮ ಸಿಡಿಯಾಗ ಕಾರು ಬಿಟ್ಟು ಇನ್ನೇನೇನ ಸುಳ್ಳು ಇಟ್ಟಿದ್ರಿ?”

ಆಕಿ ಕಸಬರಿಗಿ ಕೆಳಗಿಟ್ಲು. ಸೆರಗು ಸರಿ ಮಾಡಿಕೊಂಡ್ಲು. ಎದುರಿಗೆ ಬಂದು, ನನ್ನ ಮಾರಿಗೆ ಮಾರಿ ಕೊಟ್ಟು ಅಂದ್ಲು:

“ಒಂದ ಒಂದು ಆಯೀ. ನಮ್ಮ ಬಾಗಲಾ ಕ್ಯಾಮರಾದಾಗ ಹಿಡಿಯೂ ಮುಂದ ಬಾಜೂ ಕಟ್ಟಿ ಮ್ಯಾಲೆ ನೀವು ಕುಂತಿದ್ರಿ. ಇಂಥಾ ಮನಷ್ಯಾಳ ಬಾಜೂಕ ಯಾರು ಸಂಬಂಧ ಮಾಡ್ತಾರ ಅಂತ ನಿಮ್ಮನ್ನ ತಗಿಸಿ, ಅಲ್ಲೆ ಒಂದು ಕಂಪ್ಯೂಟರ್ ಆಕಳ ಕುಂದರಿಸಿದೆ. ಗ್ವಾಡಿ ಮ್ಯಾಲೆ ಬಿದ್ದ ನಿಮ್ಮ ನೆಳ್ಳು ತಗಿಯೂದು ನಮ್ಮನಿಯವರು ಮರತರು. ಬೀಗತಿ ಅದನ್ನ ನೋಡಿ ನನ್ನ ಕೇಳ್ಯಾಳ, ‘ನಿಮ್ಮ ಆಕಳ ಬಾಯಿ ಮುಚ್ಚಿಕೊಂಡು ಎಷ್ಟ ಛಂದ ಕುಂತೈತ್ರಿ, ಅದರ ನೆಳ್ಳು ಯಾಕ ಒಂದ ಸವನ ಮಾತಾಡಾಕತ್ತೈತಿ?’”